ಕೂತ ಮನೆ, ಕೆತ್ತಿದ ಬಾಗಿಲು

ನನ್ನ ತಂದೆಯವರು 1970ರಲ್ಲಿ ಕೊಂಡ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನೊಡನೆ ನನ್ನ ಪಾಲಿಗೆ ಬಂದ ಮತ್ತೊಂದು ಪಿತ್ರಾರ್ಜಿತ ವಸ್ತುವೆಂದರೆ, ಆ ಕಾರಿನ ಖರ್ಚುವೆಚ್ಚಗಳಿಗಾಗಿಯೇ ಅವರು ಮೀಸಲಿಟ್ಟಿದ್ದ, ಕೆಂಪು ಬಟ್ಟೆಯ ರಟ್ಟು ಹಾಕಿದ ಉದ್ದನೆಯ ಲೆಕ್ಕದ ಪುಸ್ತಕ. ಪ್ರತಿ ಪುಟದಲ್ಲಿಯೂ ಗೆರೆ ಎಳೆದು ಮೂರು ಕಲಮುಗಳನ್ನು ಮಾಡಿದ್ದರು: ತಾರೀಖು, ಬಾಬತ್ತು, ರೂಪಾಯಿ. ಪೆಟ್ರೋಲಿನಿಂದ ಹಿಡಿದು ವೈಪರಿನ ರಬ್ಬರಿನವರೆಗೆ ಯಾವುದೂ ಅದರಿಂದ ತಪ್ಪಿಸಿಕೊಂಡುದಿಲ್ಲ. ಅವರ ಕಾಲಾನಂತರ ನಾನೂ ಅದೇ ಕ್ರಮದಲ್ಲಿ ಬರೆಯುತ್ತ ಬಂದೆನು. ಕಾಸುಕಾಸಿಗೂ ಲೆಕ್ಕವಿಟ್ಟವನಿಗೆ ಹಣದ ವಿಷಯದಲ್ಲಿ ಮೋಸವಾಗದೆಂಬ ನಂಬಿಕೆ ನನಗಿತ್ತು. ಆ ನಂಬಿಕೆ ಅರ್ಧ ಮಾತ್ರ ನಿಜವೆಂಬುದನ್ನು ಕಲಿಸಿದುವು ಅಂಗೈಯಗಲದ ಕೆಲವು ರಬ್ಬರ್ ತುಂಡುಗಳು.

ಕೆಲವು ವರ್ಷಗಳ ಹಿಂದೆ ಚಾಲಕನ ಕಡೆಯ ಬಾಗಿಲು ಸಲೀಸಾಗಿ ಮುಚ್ಚದಾಯಿತು. ಹಿಡಿಯನ್ನು ಹಿಡಿದು ಒಂದಿಷ್ಟು ಮೇಲೆತ್ತಿದಲ್ಲದೆ ಬೀಗದ ನಾಲಗೆ ತನ್ನ ಸ್ಥಾನವನ್ನು ಸೇರುತ್ತಿರಲಿಲ್ಲ. ಗ್ಯಾರೇಜೊಂದಕ್ಕೆ ಒಯ್ದೆನು, ಕೀಲುಗಳು ಸವೆದಿವೆಯೆಂದು ಹೇಳಿ ಅವನ್ನು ಬದಲಾಯಿಸಿ, ಟಿಂಕರಿಂಗ್ ಮಾಡಿ, 4,500 ರೂಪಾಯಿ ತೆಗೆದುಕೊಂಡರು. ಮರುವರ್ಷದ ಮಳೆಗಾಲದಲ್ಲಿ ಬಾಗಿಲ ಸಂದಿಯಿಂದ ನೀರು ಒಳಸೇರಿತು; ಬೀಡಿಂಗ್ ರಬ್ಬರು ಹಳತಾಗಿದೆಯೆಂದು 3,200. ಅನಂತರ ರಸ್ತೆಯ ಉಬ್ಬುಗಳ ಮೇಲೆ ಹೋಗುವಾಗಲೆಲ್ಲ ಕಾರಿನ ಅಡಿಯಿಂದ ಗಡಕ್ಕೆಂಬ ಶಬ್ದ. ಸೈಲೆನ್ಸರಿನ ಕ್ಲಾಂಪುಗಳಿಗೂ ಎಂಜಿನ್ನಿನ ಮೌಂಟಿಂಗುಗಳಿಗೂ 5,800. ಕಡೆಗೆ ಬಾಗಿಲ ಕಂಬದ ಬುಡದಲ್ಲಿ ಬಣ್ಣವು ಕೂದಲೆಳೆಯಷ್ಟು ಬಿರುಕುಬಿಟ್ಟಿತು. ಅದನ್ನು ಕೆರೆದು, ಪುಟ್ಟಿ ತುಂಬಿ, ಬಣ್ಣ ಹೊಡೆದುದಕ್ಕೆ 6,200. ನಾಲ್ಕು ಬಾಬತ್ತುಗಳೂ ತಪ್ಪಿಲ್ಲದೆ ಪುಸ್ತಕದಲ್ಲಿ ದಾಖಲಾದುವು. ಒಟ್ಟು ಮೊಬಲಗು 19,700 ರೂಪಾಯಿ. ಬಾಗಿಲನ್ನು ಮಾತ್ರ ಇನ್ನೂ ಎತ್ತಿಯೇ ಮುಚ್ಚಬೇಕಾಗಿತ್ತು. ಬಣ್ಣವು ಆರು ತಿಂಗಳು ಕಳೆಯುವಷ್ಟರಲ್ಲಿ ಅದೇ ಸ್ಥಳದಲ್ಲಿ ಮತ್ತೆ ಸೀಳಿತು.

ಹೀಗಿರುವಾಗ, ಮೈಸೂರಿನ ನಮ್ಮ ಬೀದಿಯಲ್ಲಿ ನೆರೆಮನೆಯ ಗೇಟಿಗೆ ವೆಲ್ಡಿಂಗ್ ಮಾಡಲು ಬಂದಿದ್ದ ವೃದ್ಧ ಕೆಲಸಗಾರರೊಬ್ಬರು ಹಳೆಯ ಕಾರನ್ನು ಕಂಡ ಪ್ರೀತಿಯಿಂದ ಒಳಗೆ ಬಂದರು. ನಾನು ಬಾಗಿಲ ಕಥೆಯನ್ನು ಹೇಳಿದೆನು. ಅವರು ಬಾಗಿಲನ್ನು ನೋಡಲೇ ಇಲ್ಲ, ನೆಲದ ಮೇಲೆ ಗೋಣಿಚೀಲ ಹಾಸಿ ಮಲಗಿ, ಟಾರ್ಚು ಹಿಡಿದು ಕಾರಿನ ಅಡಿಯನ್ನು ಉದ್ದಕ್ಕೂ ಪರೀಕ್ಷಿಸಿ, ಮೇಲೆದ್ದು ಕೈ ಒರೆಸಿಕೊಳ್ಳುತ್ತ ಹೇಳಿದರು: “ಬಾಗಿಲು ಬಿದ್ದಿಲ್ಲ ಸಾರ್, ಮನೆ ಕೂತಿದೆ. ಕೂತ ಮನೆಗೆ ಬಾಗಿಲು ಕೆತ್ತಿಸಿದರೆ ಏನು ಬಂತು?”

ಆ ಮಾತಿನ ಅರ್ಥವಾಗಬೇಕಾದರೆ ಹೆರಾಲ್ಡಿನ ರಚನೆಯನ್ನು ಕೊಂಚ ಅರಿಯಬೇಕು. ಅದೇ ಕಾಲದಲ್ಲಿ ನಮ್ಮ ರಸ್ತೆಗಳಲ್ಲಿ ಓಡಾಡುತ್ತಿದ್ದ ಅಂಬಾಸಡರ್ ಮತ್ತು ಫಿಯೆಟ್ ಕಾರುಗಳಲ್ಲಿ ಮೈಯೂ ಅಡಿಗಟ್ಟೂ ಒಂದರೊಡನೊಂದು ಬೆಸೆದು ಏಕಶರೀರವಾಗಿದ್ದುವು. ಹೆರಾಲ್ಡಿನಲ್ಲಾದರೋ ಚಾಸಿ ಬೇರೆ, ಅದರ ಮೇಲೆ ಬೋಲ್ಟುಗಳಿಂದ ಕೂರಿಸಿದ ಬಾಡಿ ಬೇರೆ. ಈ ಭೇದಕ್ಕೆ ಮೂಲ ಕಾರಣ ವ್ಯಾಪಾರದ ಒಂದು ಇಕ್ಕಟ್ಟು. ಇಂಗ್ಲೆಂಡಿನ ಕವೆಂಟ್ರಿಯ ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿಗೆ ಬಾಡಿಗಳನ್ನು ಮಾಡಿಕೊಡುತ್ತಿದ್ದ ಫಿಷರ್ ಅಂಡ್ ಲಡ್ಲೊ ಸಂಸ್ಥೆಯನ್ನು 1953ರಲ್ಲಿ ಪ್ರತಿಸ್ಪರ್ಧಿಯಾದ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ ಕೊಂಡುಕೊಂಡಿತು. ಇಡೀ ಬಾಡಿಯನ್ನು ಒಂದೇ ಕಡೆ ಮಾಡಿಸುವ ದಾರಿ ಹೀಗೆ ಮುಚ್ಚಿಹೋದುದರಿಂದ, ಅದನ್ನು ಸಣ್ಣ ಸಣ್ಣ ಭಾಗಗಳಾಗಿ ಬೇರೆ ಬೇರೆ ಕಡೆ ಮಾಡಿಸಿ ಪ್ರತ್ಯೇಕವಾದ ಚಾಸಿಯ ಮೇಲೆ ಜೋಡಿಸುವ ಉಪಾಯವನ್ನು ಅವರು ಹಿಡಿದರು. ಇಟಲಿಯ ಜೊವಾನ್ನಿ ಮಿಕೆಲೊಟ್ಟಿ ರೂಪಿಸಿದ ಆ ಕಾರು 1959ರಲ್ಲಿ ಹೊರಬಂದಿತು. ಬಿಡಿಭಾಗಗಳನ್ನು ಹಡಗಿನಲ್ಲಿ ಕಳುಹಿಸಿ ಪರದೇಶಗಳಲ್ಲಿ ಜೋಡಿಸುವುದಕ್ಕೂ ಇದೇ ರಚನೆ ಅನುಕೂಲವಾಯಿತು. 1961ರಿಂದ ಮದರಾಸಿನಲ್ಲಿ 948 ಸಿ.ಸಿ. ಎಂಜಿನ್ನಿನ ಹೆರಾಲ್ಡ್ ತಯಾರಾಗತೊಡಗಿತು. ಹೀಗೆ, ಒಂದು ಕಂಪನಿ ತನ್ನ ವ್ಯಾಪಾರದ ತೊಡಕನ್ನು ಅದರ ಬುಡದಲ್ಲಿಯೇ ಬಿಡಿಸಿಕೊಂಡ ಫಲವಾಗಿ ಹುಟ್ಟಿದ ಕಾರಿಗೆ, ನಾನು ಮೂರು ವರ್ಷ ಬುಡವನ್ನು ಬಿಟ್ಟು ತುದಿಗೆ ಹಣ ಸುರಿಯುತ್ತಿದ್ದೆನು.

ಚಾಸಿಯ ಬೆನ್ನೆಲುಬಿನಿಂದ ಪಕ್ಕಕ್ಕೆ ಚಾಚಿಕೊಂಡ ಉಕ್ಕಿನ ತೋಳುಗಳ ಮೇಲೆ ಬಾಡಿ ಕೂರುವೆಡೆಯಲ್ಲಿ, ಪ್ರತಿ ಬೋಲ್ಟಿನ ಬಳಿಯಲ್ಲಿಯೂ, ಲೋಹಕ್ಕೂ ಲೋಹಕ್ಕೂ ನಡುವೆ ಒಂದು ರಬ್ಬರಿನ ಮೆತ್ತೆ ಇರುತ್ತದೆ. ಗ್ಯಾರೇಜಿನ ಭಾಷೆಯಲ್ಲಿ ಇವು ಬಾಡಿ ಬುಷ್‌ಗಳು. ಎಂಜಿನ್ನಿನ ನಡುಕವನ್ನೂ ರಸ್ತೆಯ ಪೆಟ್ಟನ್ನೂ ಕುಗ್ಗಿಸುವುದು, ಹಳ್ಳದಲ್ಲಿ ಚಾಸಿ ತುಸು ತಿರುಚಿಕೊಂಡಾಗ ಆ ತಿರುಚು ಬಾಡಿಯ ತೆಳುತಗಡಿಗೆ ತಟ್ಟದಂತೆ ತಡೆಯುವುದು, ಬಾಡಿಯನ್ನು ನಿಯತವಾದ ಎತ್ತರದಲ್ಲಿ ಹಿಡಿದಿಡುವುದು, ಇವು ಮೂರೂ ಅವುಗಳ ಕರ್ತವ್ಯ. ಬಿಸಿಲು, ಎಣ್ಣೆ, ಭಾರ, ವಯಸ್ಸು ಇವುಗಳಿಂದ ರಬ್ಬರು ಮೊದಲು ಗಟ್ಟಿಯಾಗಿ, ಆಮೇಲೆ ಬಿರಿದು, ಕಡೆಗೆ ಚಪ್ಪಟೆಯಾಗುತ್ತದೆ. ಎಲ್ಲ ಕಡೆಯೂ ಒಂದೇ ಸಮನೆ ಚಪ್ಪಟೆಯಾದರೆ ಚಿಂತೆಯಿಲ್ಲ. ಚಾಲಕನ ಭಾರ ನಿತ್ಯವೂ ಬೀಳುವ ಪಕ್ಕ ಹೆಚ್ಚಾಗಿ ಕುಸಿಯುತ್ತದೆ, ಬಾಡಿ ಓರೆಯಾಗುತ್ತದೆ, ಬಾಗಿಲು ಇಳಿಬಿದ್ದಂತೆ ಕಾಣುತ್ತದೆ. ಸಂದಿ ಅಗಲವಾದೆಡೆ ಮಳೆನೀರು ಬರುತ್ತದೆ, ಲೋಹ ಲೋಹಕ್ಕೆ ತಾಗಿದೆಡೆ ಶಬ್ದವಾಗುತ್ತದೆ, ತಗಡು ಎಳೆದೆಡೆ ಬಣ್ಣ ಬಿರಿಯುತ್ತದೆ. ನನ್ನ ಪುಸ್ತಕದ ನಾಲ್ಕು ಬಾಬತ್ತುಗಳೂ ಒಂದೇ ವ್ಯಾಧಿಯ ನಾಲ್ಕು ಲಕ್ಷಣಗಳಾಗಿದ್ದುವು.

ಬಾಡಿಯನ್ನು ಎತ್ತಿ ಬುಷ್‌ಗಳನ್ನು ಬದಲಾಯಿಸಲು ಗ್ಯಾರೇಜಿನವರು ಕೊಟ್ಟ ಅಂದಾಜು 38,000 ರೂಪಾಯಿ. ಅದರಲ್ಲಿ ಸಾಮಾನಿನ ಬೆಲೆ ಅತ್ಯಲ್ಪ, ಬಹುಭಾಗ ಕೂಲಿ. ಇಂತಹ ಅಂದಾಜು ಕೈಗೆ ಬಂದಾಗ ಗೃಹಸ್ಥನು ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆ, ಈ ಕೂಲಿಯಲ್ಲಿ ಎಷ್ಟು ಪಾಲು ಕೌಶಲಕ್ಕೆ, ಎಷ್ಟು ಪಾಲು ಬರಿಯ ತಾಳ್ಮೆಗೆ ಎಂಬುದು. ತುಕ್ಕು ಹಿಡಿದ ಬೋಲ್ಟನ್ನು ಎಣ್ಣೆಯಲ್ಲಿ ನೆನೆಸಿ ಕಾಯುವುದು, ಅಳೆಯುವುದು, ಗುರುತುಹಾಕುವುದು, ಉಜ್ಜುವುದು, ಬಣ್ಣ ಬಳಿಯುವುದು, ಇವೆಲ್ಲ ತಾಳ್ಮೆಯ ಕೆಲಸಗಳು. ನಿವೃತ್ತನಾದ ನನ್ನ ಬಳಿ ಅದಕ್ಕೆ ಕೊರತೆಯಿರಲಿಲ್ಲ. ವೆಲ್ಡಿಂಗು ಮತ್ತು ಬ್ರೇಕು ಪ್ರಾಣದ ಪ್ರಶ್ನೆಯಾದುದರಿಂದ, ಅವೆರಡನ್ನೂ ಬಲ್ಲವರಿಗೆ ಹಣ ಕೊಟ್ಟೇ ಮಾಡಿಸುವುದೆಂದು ಮೊದಲೇ ನಿಶ್ಚಯಿಸಿದೆನು.

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿ, ಕ್ಯಾನ್ವಾಸಿನ ಪದರಗಳು ಸೇರಿದ ದಪ್ಪ ರಬ್ಬರನ್ನು ತಂದು, ಹಳೆಯ ತುಂಡುಗಳಲ್ಲಿ ಕಡಿಮೆ ಸವೆದುದನ್ನು ಮಾದರಿಯಾಗಿಟ್ಟು ಕತ್ತರಿಸಿಕೊಂಡೆನು. ಮೆತ್ತಗಿರುವುದೇ ಮೇಲೆಂದು ಭಾವಿಸಿ ಅತಿ ಮೃದುವಾದ ರಬ್ಬರನ್ನು ಹಾಕಿದರೆ ಅದು ಬೇಗನೆ ಕುಸಿಯುತ್ತದೆ. ಕಲ್ಲಿನಂತೆ ಗಟ್ಟಿಯಾದುದನ್ನು ಹಾಕಿದರೆ ಹಾಕಿಯೂ ಹಾಕದಂತೆ. ಒಂದು ವಾರ ಮುಂಚಿನಿಂದಲೇ ದಿನವೂ ಸಂಜೆ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆಯನ್ನು ಹಾಕುತ್ತ ಬಂದೆನು. ಸಮನೆಲದ ಮೇಲೆ ಕಾರನ್ನು ನಿಲ್ಲಿಸಿ, ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಚಾಸಿಯನ್ನು ಸ್ಟ್ಯಾಂಡುಗಳ ಮೇಲೆ ಭದ್ರಪಡಿಸಿ, ಬ್ಯಾಟರಿಯ ತಂತಿಯನ್ನು ಬಿಡಿಸಿ, ಎಲ್ಲ ಬಾಗಿಲುಗಳ ಸಂದಿಗಳನ್ನೂ ಮಿಲಿಮೀಟರುಗಳಲ್ಲಿ ಅಳೆದು ಬರೆದುಕೊಂಡೆನು. ಬಾಡಿಯನ್ನೂ ಚಾಸಿಯನ್ನೂ ಕೂಡಿಸುವ ಸ್ಟಿಯರಿಂಗಿನ ಕಂಬ, ಬ್ರೇಕು ಮತ್ತು ಪೆಟ್ರೋಲಿನ ಕೊಳವೆಗಳು ಎಳೆತಕ್ಕೆ ಸಿಕ್ಕದಂತೆ ಸಡಿಲಿಸಿ ಅಥವಾ ಬಿಡಿಸಿಕೊಳ್ಳಬೇಕು; ಇದನ್ನು ಮರೆತು ಎತ್ತಿದವನು ಸಾವಿರ ರೂಪಾಯಿಯ ಕೆಲಸದಲ್ಲಿ ಹತ್ತು ಸಾವಿರದ ಹಾನಿಯನ್ನು ಮಾಡಿಕೊಳ್ಳುತ್ತಾನೆ.

ಒಂದು ಪಕ್ಕದ ಬೋಲ್ಟುಗಳನ್ನು ತೆಗೆದು, ಇನ್ನೊಂದು ಪಕ್ಕದವನ್ನು ಕಳಚದೆ ಸಡಿಲಿಸಿ ಮಾತ್ರ ಬಿಟ್ಟು, ಬಾಡಿಯ ಅಂಚಿಗೆ ಉದ್ದವಾದ ಮರದ ಹಲಗೆಯನ್ನು ಕೊಟ್ಟು ಭಾರವನ್ನು ಹಂಚಿ, ಜಾಕನ್ನು ಬೆರಳಗಲ ಬೆರಳಗಲವಾಗಿ ಏರಿಸಿದೆವು. ನನ್ನ ಮಗಳು ಜಾಕಿನ ಹಿಡಿಯ ಬಳಿ, ನಾನು ಸಂದಿಯ ಬಳಿ. ಜಾಕಿನ ಮೇಲೆ ಮಾತ್ರ ನಿಂತ ಭಾರದ ಅಡಿಗೆ ಕೈಯನ್ನಾಗಲಿ ತಲೆಯನ್ನಾಗಲಿ ಒಡ್ಡಕೂಡದೆಂಬ ನಿಯಮವನ್ನು ಒಮ್ಮೆಯೂ ಮೀರಲಿಲ್ಲ. ಎತ್ತಿದಷ್ಟಕ್ಕೂ ಮರದ ಕೊರಡನ್ನು ಸೇರಿಸುತ್ತ ಹೋದೆವು. ಹಳೆಯ ರಬ್ಬರು ಕೈಗೆ ಬಂದಾಗ ಹಪ್ಪಳದಂತೆ ಮುರಿಯಿತು. ಅದರ ಅಡಿಯಲ್ಲಿ ಎಷ್ಟು ವಾಷರುಗಳಿದ್ದುವೆಂಬುದನ್ನು ಒಂದೊಂದು ಸ್ಥಾನಕ್ಕೂ ಬೇರೆಬೇರೆಯಾಗಿ ಬರೆದಿಟ್ಟುಕೊಂಡೆನು, ಏಕೆಂದರೆ ಬಾಡಿಯ ಮಟ್ಟವನ್ನು ನಿರ್ಣಯಿಸುವುವು ಅವೇ. ಚಾಲಕನ ಕಡೆಯ ಒಂದು ತೋಳು ತುಕ್ಕಿನಿಂದ ತಿಂದುಹೋಗಿತ್ತು. ನಮ್ಮ ವೃದ್ಧ ವೆಲ್ಡರು ಬಂದು, ಸಮೀಪದ ಪೆಟ್ರೋಲ್ ಕೊಳವೆಯನ್ನು ಮೊದಲು ಕಳಚಿಸಿ, ಹೊಸ ತಗಡನ್ನು ಬೆಸೆದುಕೊಟ್ಟರು. ಅನಂತರ ಎಲ್ಲ ಬೋಲ್ಟುಗಳನ್ನೂ ಸುತ್ತು ಸುತ್ತಾಗಿ, ಸ್ವಲ್ಪ ಸ್ವಲ್ಪವೇ ಬಿಗಿದು, ಬಾಗಿಲ ಸಂದಿಯನ್ನು ನೋಡುತ್ತ ವಾಷರನ್ನು ಕೂಡಿಸುತ್ತ ಕಳೆಯುತ್ತ ಮಟ್ಟಕ್ಕೆ ತಂದೆವು. ಕೆಲವು ನೂರು ಕಿಲೋಮೀಟರು ಓಡಿದ ಬಳಿಕ ರಬ್ಬರು ಕುಳಿತುಕೊಳ್ಳುವುದರಿಂದ ಮತ್ತೊಮ್ಮೆ ಬಿಗಿಯುವುದು ಅವಶ್ಯ.

ಈಗ ಲೆಕ್ಕ. ರಬ್ಬರಿಗೆ 1,850, ಬೋಲ್ಟು, ನಟ್ಟು, ವಾಷರುಗಳಿಗೆ 1,400, ಎಣ್ಣೆ, ಪ್ರೈಮರು, ಬಣ್ಣಕ್ಕೆ 1,150, ವೆಲ್ಡಿಂಗಿಗೆ 3,500, ಬ್ರೇಕಿನ ಗಾಳಿ ತೆಗೆದು ಪರೀಕ್ಷಿಸಿದ ಮೆಕ್ಯಾನಿಕ್ಕಿಗೆ 900, ಸ್ಟ್ಯಾಂಡುಗಳಿಗೆ 2,600. ಒಟ್ಟು 11,400 ರೂಪಾಯಿ. ಅಂದಾಜಿಗಿಂತ 26,600 ಕಡಿಮೆಯೆಂದು ಹಿಗ್ಗುವುದು ಸುಲಭ. ಆದರೆ ಸ್ವಂತ ದುಡಿಮೆಯನ್ನು ಸೊನ್ನೆಯೆಂದು ಬಗೆಯುವ ಲೆಕ್ಕ ಪ್ರಾಮಾಣಿಕವಲ್ಲ. ನಾನು ದುಡಿದುದು 46 ಗಂಟೆ. ಗಂಟೆಗೆ ಸುಮಾರು 578 ರೂಪಾಯಿಯ ಸಂಪಾದನೆ ಎಂದಾಯಿತು. ಅದೇ ಹೊತ್ತಿನಲ್ಲಿ ಅದಕ್ಕಿಂತ ಹೆಚ್ಚು ಗಳಿಸಬಲ್ಲವರು, ಸಮನೆಲವಿಲ್ಲದವರು, ಸಹಾಯಕ್ಕೆ ಇನ್ನೊಬ್ಬರಿಲ್ಲದವರು ಗ್ಯಾರೇಜಿಗೆ ಕೊಡುವುದೇ ಮಿತವ್ಯಯ.

ಹಳೆಯ ಕಾರನ್ನು ಸಾಕುವವನ ಖರ್ಚಿನಲ್ಲಿ ಅವನ ಕೈಮೀರಿದ ಭಾಗವೂ ಉಂಟು. ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ನವೀಕರಿಸುವ ಶುಲ್ಕ 2022ರ ಏಪ್ರಿಲ್ 1ರಂದು 600ರಿಂದ 5,000 ರೂಪಾಯಿಗೆ ಏರಿತು. 2025ರಲ್ಲಿ, ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 10,000 ಆಯಿತು. ಐವತ್ತು ವರ್ಷ ಮೀರಿದ ವಾಹನಗಳಿಗೆ 2021ರ ನಿಯಮಗಳು ವಿಂಟೇಜ್ ಎಂಬ ಪ್ರತ್ಯೇಕ ವರ್ಗವನ್ನು ಕಲ್ಪಿಸಿವೆ. ಅದರ ಹೊಸ ನೋಂದಣಿಗೆ 20,000, ಮರುನೋಂದಣಿಗೆ 5,000. ಆದರೆ ಚಾಸಿಯೂ ಬಾಡಿಯೂ ಮೂಲರೂಪದಲ್ಲಿರಬೇಕು, ನಿತ್ಯದ ಓಡಾಟಕ್ಕೆ ಅದನ್ನು ಬಳಸಕೂಡದು. ಆದುದರಿಂದ ದುರಸ್ತಿಯ ಮುಂಚಿನ ಮತ್ತು ಅನಂತರದ ಚಿತ್ರಗಳನ್ನೂ ರಸೀತಿಗಳನ್ನೂ ಜೋಪಾನವಾಗಿಡಬೇಕು. ಐದು ವರ್ಷ ಮೀರಿದ ಕಾರಿನ ವಿಮಾಮೌಲ್ಯವು ಕಂಪನಿಯೂ ಮಾಲೀಕನೂ ಪರಸ್ಪರ ಒಪ್ಪಿ ನಿರ್ಧರಿಸುವಂತಹುದಾಗಿರುವುದರಿಂದ, ಅಲ್ಲಿಯೂ ಈ ಕಾಗದಗಳೇ ನಮ್ಮ ಪರವಾಗಿ ಮಾತನಾಡುತ್ತವೆ.

ಕೆಲಸ ಮುಗಿದ ರಾತ್ರಿ ತಂದೆಯವರ ಪುಸ್ತಕವನ್ನು ತೆರೆದು 11,400 ರೂಪಾಯಿಯನ್ನು ಬರೆದೆನು. ಎಷ್ಟು ಹೋಯಿತು, ಯಾವುದಕ್ಕೆ ಹೋಯಿತು ಎಂಬುದನ್ನು ಆ ಪುಸ್ತಕ ಐವತ್ತು ವರ್ಷಗಳಿಂದ ಚ್ಯುತಿಯಿಲ್ಲದೆ ಹೇಳುತ್ತ ಬಂದಿತ್ತು. ಏಕೆ ಹೋಯಿತೆಂಬುದನ್ನು ನಾನು ಅದನ್ನು ಕೇಳಿರಲಿಲ್ಲ. ಅಳತೆಪಟ್ಟಿಯನ್ನಿಟ್ಟು ಬಲಗಡೆಯ ಅಂಚಿನಲ್ಲಿ ನಾಲ್ಕನೆಯ ಗೆರೆಯನ್ನು ಎಳೆದು, ತಲೆಯಲ್ಲಿ “ಕಾರಣ” ಎಂದು ಬರೆದೆನು. ಅಂದಿನಿಂದ ಆ ಕಲಮಿನಲ್ಲಿ ಬರೆಯುವುದೇನೆಂದು ತಿಳಿಯುವವರೆಗೆ ಯಾವ ದುರಸ್ತಿಗೂ ಹಣವನ್ನು ಬಿಚ್ಚುವುದಿಲ್ಲ. ಬಳಿಕ ಹಿಂದಿನ ಪುಟಗಳಿಗೆ ತಿರುಗಿ, ಕೀಲು, ಬೀಡಿಂಗು, ಕ್ಲಾಂಪು, ಬಣ್ಣ ಎಂಬ ನಾಲ್ಕು ಬಾಬತ್ತುಗಳ ಎದುರಿಗೂ ಆ ಹೊಸ ಕಲಮಿನಲ್ಲಿ ಒಂದೇ ಮಾತನ್ನು ನಾಲ್ಕು ಸಲ ಬರೆದೆನು: ಬಾಡಿ ಬುಷ್.