ಹಾಡಹಗಲೇ ಹಾರುವ ಬಾವಲಿ

ಪ್ರಶ್ನೆ: ಅಟ್ಲಾಂಟಿಕ್ ಸಾಗರದ ಯಾವುದೋ ದ್ವೀಪದಲ್ಲಿ ಬಾವಲಿಗಳು ಹಗಲಲ್ಲೇ ಹಾರಾಡುತ್ತವೆಂದು ಓದಿದೆ. ಬಾವಲಿಗೆ ಬೆಳಕು ಆಗದಲ್ಲವೇ?

ಉತ್ತರ: ನೀವು ಓದಿದ್ದು ನಿಜ. ಪೋರ್ಚುಗಲ್ಲಿಗೆ ಸೇರಿದ ಅಸೋರ್ಸ್ ಎಂಬ 9 ದ್ವೀಪಗಳ ಗುಂಪಿದೆ. ಯುರೋಪಿನ ದಂಡೆಯಿಂದ ಸುಮಾರು 1,400 ಕಿ.ಮೀ. ಆಚೆ, ನಡುಗಡಲಲ್ಲಿ ಜ್ವಾಲಾಮುಖಿಯಿಂದ ಎದ್ದ ನೆಲ ಅದು. ಅಸೋರ್ಸ್ ನಾಕ್ಟ್ಯೂಲ್ ಎಂಬ ಬಾವಲಿ ಇರುವುದು ಅಲ್ಲಿ ಮಾತ್ರ. ಅಲ್ಲೂ ಪಶ್ಚಿಮ ತುದಿಯ ಫ್ಲೋರೆಸ್, ಕೊರ್ವೊ ದ್ವೀಪಗಳಲ್ಲಿ ಕಾಣದು. ದನ, ಇಲಿ, ಮೊಲಗಳೆಲ್ಲ ಮನುಷ್ಯನ ಹಡಗು ಹತ್ತಿ ಬಂದವು. ಇದು ಸ್ವಂತ ರೆಕ್ಕೆಯಿಂದ ಬಂದದ್ದು.

ನಮ್ಮೂರ ಆಲದ ಮರಕ್ಕೆ ಜೋತುಬೀಳುವ, ಹಣ್ಣು ತಿನ್ನುವ ದೊಡ್ಡ ಬಾವಲಿಯನ್ನು ಇಲ್ಲಿ ನೆನೆಯಬೇಡಿ. ಇದು ಮುಷ್ಟಿಯಲ್ಲಿ ಅಡಗುವಷ್ಟು ಚಿಕ್ಕದು. ಪತಂಗ, ನೊಣ, ಜೀರುಂಡೆಗಳೇ ಇದರ ಊಟ. ಮಧ್ಯಾಹ್ನದ ಬಿಸಿಲಿನಲ್ಲಿ ಮರಗಳ ಮೇಲೆ ಕವಲುತೋಕೆ ಹಕ್ಕಿಯಂತೆ ಸರಕ್ಕನೆ ತಿರುಗಿ ಹುಳು ಹಿಡಿಯುತ್ತದೆ.

ಈಗ ನಿಮ್ಮ ಅನುಮಾನಕ್ಕೆ ಬರೋಣ. ಬಾವಲಿಗಳು ಕುರುಡಲ್ಲ, ಬೆಳಕು ಅವುಗಳಿಗೆ ವಿಷವೂ ಅಲ್ಲ. ಬೇರೆ ಕಡೆ ಅವು ಹಗಲಲ್ಲಿ ಅಡಗುವುದಕ್ಕೆ ಮುಖ್ಯ ಕಾರಣ ಬೇಟೆಹಕ್ಕಿಗಳು ಎಂದು ತಜ್ಞರು ಊಹಿಸುತ್ತಾರೆ. ನಮ್ಮ ಬಿಜ್ಜು ಕೂಡ ಸಿಕ್ಕಿದರೆ ಬಾವಲಿಯನ್ನು ಬಿಡುವುದಿಲ್ಲ. ಅಸೋರ್ಸ್‌ನಲ್ಲಿ ನೆಲೆನಿಂತ ಹಗಲಿನ ಬೇಟೆಹಕ್ಕಿ ಒಂದೇ, ಬಜರ್ಡ್. ನೆಲದ ಮೇಲಿನ ಇಲಿ, ಮೊಲಗಳಿಗೆ ಎರಗುವ ಜಾತಿ ಅದು. ಗಾಳಿಯಲ್ಲಿ ಬಾವಲಿಯನ್ನು ಅಟ್ಟಿಸಿ ಹಿಡಿಯುವ ಚುರುಕು ಅದಕ್ಕಿಲ್ಲ.

ಹಗಲಲ್ಲಿ ಹಾರುತ್ತದೆ ಎಂದರೆ ರಾತ್ರಿ ಮಲಗಿರುತ್ತದೆ ಎಂದಲ್ಲ. ಇದರ ಹೆಚ್ಚಿನ ಬೇಟೆ ಇಂದಿಗೂ ಕತ್ತಲಲ್ಲೇ; ಬೀದಿದೀಪಗಳ ಸುತ್ತ ಪತಂಗ ಹಿಡಿಯುವುದನ್ನು ಊರಿನವರೂ ನೋಡುತ್ತಾರೆ. ಹಗಲಿನದು ಮೇಲುಸಂಪಾದನೆ ಅನ್ನಿ.

ಐ.ಯು.ಸಿ.ಎನ್. ಕೆಂಪು ಪಟ್ಟಿ ಇದನ್ನು ಅಪಾಯಕ್ಕೀಡಾಗಬಲ್ಲ ಜೀವಿಗಳ ಸಾಲಿನಲ್ಲಿಟ್ಟಿದೆ. ಅಳಿವಿನ ಭೀತಿಯ ಮೂರು ಮೆಟ್ಟಿಲುಗಳಲ್ಲಿ ಅದು ಮೊದಲನೆಯದು. ಇರುವ ನೆಲವೇ ಚೂರುಪಾರು. ಅದರಲ್ಲಿ ಪೊಟರೆಯ ಮರವೊಂದು ಉರುಳಿದರೆ, ಹಳೇ ಮನೆಯ ಸಂದು ಮುಚ್ಚಿದರೆ, ಹೋಗಲು ಪಕ್ಕದೂರಿಲ್ಲ, ಸಮುದ್ರವಷ್ಟೇ.

ಇನ್ನೊಂದು ತಮಾಷೆ ಕೇಳಿ. ಪೋರ್ಚುಗೀಸಿನಲ್ಲಿ 'ಅಸೋರ್' ಎಂದರೆ ಗಾಸ್‌ಹಾಕ್ ಎಂಬ, ಹಕ್ಕಿಗಳನ್ನೇ ಅಟ್ಟಿಸಿ ಹಿಡಿಯುವ ಡೇಗೆ. ಮೊದಲು ಬಂದ ನಾವಿಕರು ಬಜರ್ಡನ್ನೇ ಅದೆಂದು ತಿಳಿದು ದ್ವೀಪಗಳಿಗೆ ಈ ಹೆಸರಿಟ್ಟರು ಎನ್ನುತ್ತಾರೆ. ಅವರ ಕಣ್ಣು ಸರಿಯಿದ್ದಿದ್ದರೆ ಬಹುಶಃ ನಿಮ್ಮ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.