ಕಾಲುಬಾಯಿ ಬೇನೆ: ಹರಡುವ ಬಗೆ, ಗುರುತು, ತಡೆ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆಯ ಒಕ್ಕಲಿಗರಿಗೆ ಕಾಲುಬಾಯಿ ಬೇನೆ ಹೊಸದಲ್ಲ. ದನಗಳ ದವಾಖಾನೆಯಲ್ಲಿ ಮರಾಠಿಯ ‘ಲಾಳ್ಯಾ ಖುರಕೂತ’ ಎಂಬ ಹೆಸರು ಕೇಳಿದರೆ, ಅದು ಇದೇ ಬೇನೆಯೆಂದು ತಿಳಿಯಬೇಕು. ಇದು ದೇವಿಯ ಮುನಿಸಲ್ಲ; ಕಣ್ಣಿಗೆ ಕಾಣದ ವೈರಸ್ಸಿನಿಂದ ಬರುವ ಅಂಟುಜಾಡ್ಯ. 1898ರಲ್ಲಿಯೇ ಜರ್ಮನಿಯ ಲೋಫ್ಲರ್ ಮತ್ತು ಫ್ರಾಶ್ ಎಂಬ ವಿಜ್ಞಾನಿಗಳು ಇದನ್ನು ತೋರಿಸಿಕೊಟ್ಟರು.

ಹರಡುವ ಬಗೆ: ಆಕಳು, ಎತ್ತು, ಎಮ್ಮೆ, ಕುರಿ, ಆಡು, ಹಂದಿ ಮೊದಲಾದ ಸೀಳುಗೊರಸಿನ ಪ್ರಾಣಿಗಳಿಗೆ ಇದು ತಗಲುತ್ತದೆ. ರೋಗಿ ದನದ ಜೊಲ್ಲು, ಉಸಿರು, ಹಾಲು, ಸಗಣಿಗಳಲ್ಲಿ ವಿಷವಿರುತ್ತದೆ. ಒಂದೇ ದೋಣಿಯಲ್ಲಿ ನೀರು ಕುಡಿದರೂ, ಉಳಿದ ಕಣಿಕೆ ತಿಂದರೂ ಅಂಟುತ್ತದೆ. ಹಾಲು ಹಿಂಡುವವರ ಕೈ, ಮೆಟ್ಟಿದ ಕೆರ, ಗಾಡಿಯ ಗಾಲಿ ಕೂಡ ಅದನ್ನು ಹೊತ್ತು ತರುತ್ತವೆ. ಸಂತೆಯಿಂದ ತಂದ ದನ, ಕಬ್ಬಿನ ಗಾಡಿ ಹೂಡಿಕೊಂಡು ಕಾರಖಾನೆಗೆ ಹೋಗಿಬಂದ ಎತ್ತುಗಳ ಬಗ್ಗೆ ಹೆಚ್ಚಿನ ಎಚ್ಚರ ಬೇಕು. ಬೇನೆಗೆ ರಾಜ್ಯದ ಗಡಿಯಿಲ್ಲ.

ಗುರುತು: ಸೋಂಕಿದ 2ರಿಂದ 14 ದಿನಗಳಲ್ಲಿ ಜ್ವರ ಏರುತ್ತದೆ. ದನ ಮೇವು ಬಿಟ್ಟು ಚಪ್ಪರಿಸುತ್ತ ಜೊಲ್ಲು ಸುರಿಸುತ್ತದೆ. ನಾಲಗೆ, ಒಸಡು, ಗೊರಸಿನ ಸಂದು, ಕೆಚ್ಚಲಿನ ಮೇಲೆ ಗುಳ್ಳೆ ಎದ್ದು ಒಡೆದು ಹುಣ್ಣಾಗುತ್ತದೆ, ದನ ಕುಂಟುತ್ತದೆ. ದೊಡ್ಡ ದನ ಸಾಯುವುದು ಕಡಿಮೆ. ಆದರೆ ಎಳೆಗರುಗಳು ಹೃದಯಕ್ಕೆ ಪೆಟ್ಟು ಬಿದ್ದು ತಟ್ಟನೆ ಸಾಯಬಹುದು. ಬದುಕಿದ ಎತ್ತು ಏದುಸಿರು ಬಿಡುತ್ತ ನೇಗಿಲಿಗೆ ಬಾರದಂತಾಗಬಹುದು, ಹೈನು ಬತ್ತಬಹುದು.

ಉಪಚಾರ: ವೈರಸ್ಸನ್ನೇ ಕೊಲ್ಲುವ ಔಷಧ ಇದಕ್ಕಿಲ್ಲ. ರೋಗಿ ದನವನ್ನು ಕೂಡಲೇ ಬೇರೆ ಕಟ್ಟಿ, ದನಗಳ ಡಾಕ್ಟರರಿಗೆ ತಿಳಿಸಿರಿ. 1 ಲೀಟರ್ ನೀರಿಗೆ 1 ಗ್ರಾಂ ಪೊಟ್ಯಾಸಿಯಂ ಪರ್ಮಾಂಗನೇಟ್ ಕರಗಿಸಿ ಹುಣ್ಣು ತೊಳೆಯಿರಿ. ಮೆತ್ತನೆಯ ಹಸಿ ಮೇವು, ಆರಿದ ಗಂಜಿ ಕೊಡಿರಿ. ಕಾಲಿನ ಹುಣ್ಣಿಗೆ ನೊಣ ಕೂತು ಹುಳ ಬೀಳದಂತೆ ಕಾಯಿರಿ. ಲೀಟರಿಗೆ 40 ಗ್ರಾಂ ಬಟ್ಟೆ ಒಗೆಯುವ ಸೋಡಾ ಕಲಸಿದ ನೀರಿನಿಂದ ಕೊಟ್ಟಿಗೆ ತೊಳೆಯಿರಿ. ಹಾಲನ್ನು ಚೆನ್ನಾಗಿ ಕಾಯಿಸಿಯೇ ಬಳಸಿರಿ. ರೋಗಿ ದನವನ್ನು ಸಂತೆಗೆ ಹೊಡೆಯುವುದು ಊರೂರಿಗೆ ಬೇನೆ ಹಂಚಿದಂತೆ.

ತಡೆ: 6 ತಿಂಗಳಿಗೊಮ್ಮೆ ಲಸಿಕೆ ಹಾಕಿಸುವುದೇ ಮೇಲು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಯೋಜನೆಯಲ್ಲಿ ಇದಕ್ಕೆ ದುಡ್ಡು ಕೊಡಬೇಕಿಲ್ಲ. ಕರುವಿಗೆ 4 ತಿಂಗಳು ತುಂಬಿದ ಮೇಲೆ ಮೊದಲ ಚುಚ್ಚು, ತಿಂಗಳ ನಂತರ ಇನ್ನೊಂದು. ಚುಚ್ಚಿದರೆ ಹಾಲು ಕಡಿಮೆಯಾಗುತ್ತದೆಂದು ಕೆಲವರು ಹಿಂಜರಿಯುತ್ತಾರೆ. ಒಂದೆರಡು ದಿನ ಹಾಲು ತಗ್ಗೀತು. ಬೇನೆ ಬಂದರೆ ಇಡೀ ಸೂಲಿನ ಹೈನೇ ಹೋದೀತು.

ದನಗಳ ದೊಡ್ಡರೋಗವು ಲಸಿಕೆಯ ಬಲದಿಂದಲೇ ಜಗತ್ತಿನಿಂದ ಅಳಿಯಿತೆಂದು 2011ರಲ್ಲಿ ಸಾರಲಾಯಿತು. ನಿಮ್ಮ ಕೊಟ್ಟಿಗೆಯ ಒಂದು ದನವನ್ನೂ ಲಸಿಕೆಯಿಲ್ಲದೆ ಬಿಡಬೇಡಿರಿ.