ಶಾಂತಲೆಯ ವರ್ಷದಿಂದ ಹಿಡಿ, ಮಗಳೇ

ಮಕ್ಕಳಿಗೆ ಪ್ರಪಂಚದ ಚರಿತ್ರೆಯನ್ನು ಮನೆಯಲ್ಲೇ ಓದಿ ಹೇಳಬೇಕು, ಎಲ್ಲಿಂದ ಶುರುಮಾಡಲಿ ದೊಡ್ಡಪ್ಪ ಎಂದು ಕೇಳಿದೆಯಲ್ಲ. ಆದಿಮಾನವನಿಂದ ಬೇಡಮ್ಮ, 1131ರಿಂದ ಹಿಡಿ. ಅದು ನಮ್ಮ ಬೆಟ್ಟದ ವರ್ಷ. ಹೊಯ್ಸಳರ ವಿಷ್ಣುವರ್ಧನನ ಪಟ್ಟದ ರಾಣಿ ಶಾಂತಲೆ ಇದೇ ಶಿವಗಂಗೆಯಲ್ಲಿ ತೀರಿಕೊಂಡ ವರ್ಷ. ದಿನಾ ಎದ್ದರೆ ಕಣ್ಣಿಗೆ ಬೀಳುವ ಬೆಟ್ಟಕ್ಕೂ ಒಂದು ಇಸವಿ ಇದೆ ಎಂದು ಮಕ್ಕಳಿಗೆ ಗೊತ್ತಾದರೆ, ಇಸವಿಗಳನ್ನು ಕಂಡು ಅವರು ಹೆದರುವುದಿಲ್ಲ.

ಅಲ್ಲಿಂದ ಹಿಂದಕ್ಕೂ ಹೋಗಬೇಡ, ಮುಂದಕ್ಕೂ ಹೋಗಬೇಡ. ಸ್ವಲ್ಪ ದಿನ ಅದೇ ವರ್ಷದ ಆಸುಪಾಸಿನಲ್ಲೇ ಊರೂರು ಸುತ್ತು. ಇಲ್ಲಿ ಒಬ್ಬ ರಾಣಿ ತೀರಿಕೊಂಡ ವರ್ಷವೇ ಜೆರುಸಲೇಮಿನಲ್ಲಿ ಮೆಲಿಸೆಂಡ್ ಎಂಬ ರಾಣಿಗೆ ಪಟ್ಟವಾಯಿತು. ಅಪ್ಪನಿಂದ ಬಂದ ರಾಜ್ಯ ಅದು; ಗಂಡ ಒಬ್ಬನೇ ಆಳಲು ಹೊರಟಾಗ ಅವಳು ಬಿಟ್ಟುಕೊಡಲಿಲ್ಲ. ಪರ್ಷಿಯಾದ ನಿಶಾಪುರದಲ್ಲಿ ಉಮರ್ ಖಯ್ಯಾಮ್ ಕಣ್ಣುಮುಚ್ಚಿದ್ದೂ 1131ರಲ್ಲೇ. ಡಿವಿಜಿಯವರ ‘ಉಮರನ ಒಸಗೆ’ಯಿಂದ ನಮಗೆ ಅವನು ಕವಿಯೆಂದೇ ಪರಿಚಯ. ಮಕ್ಕಳಿಗೆ ಮಾತ್ರ ಅವನ ಇನ್ನೊಂದು ಮುಖ ತೋರಿಸು: ದೊಡ್ಡ ಗಣಿತಜ್ಞ, ಆಕಾಶ ನೋಡಿ ವರ್ಷದ ಉದ್ದ ಲೆಕ್ಕ ಹಾಕಿದವರಲ್ಲೊಬ್ಬ, 1079ರಲ್ಲಿ ಜಾರಿಗೆ ಬಂದ ಹೊಸ ಪಂಚಾಂಗಕ್ಕೆ ದುಡಿದವನು. ಕಾಂಬೋಡಿಯದಲ್ಲಿ ಎರಡನೆಯ ಸೂರ್ಯವರ್ಮ ವಿಷ್ಣುವಿಗೆಂದು ಅಂಕೋರ್‌ವಾಟ್ ಕಟ್ಟಿಸಿದ ಕಾಲವೂ ಇದೇ. ಬೇಲೂರಿನ ಗುಡಿ 1117ರದು. ಎರಡರ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ಸುಮ್ಮನಿರು, ಪ್ರಶ್ನೆಗಳು ತಾವಾಗಿ ಬರುತ್ತವೆ. ಚೀನಾದಲ್ಲಿ ಸೋಂಗ್ ಅರಸರು 1127ರಲ್ಲಿ ರಾಜಧಾನಿ ಕೈಫೆಂಗನ್ನು ಕಳೆದುಕೊಂಡು ದಕ್ಷಿಣಕ್ಕೆ ಸರಿದಿದ್ದರು.

ಜೆರುಸಲೇಮಿನ ಕಥೆ ಬಂದರೆ ಧರ್ಮದ ಹೆಸರಿನ ಯುದ್ಧವೂ ಬರುತ್ತದೆ. ಮುಚ್ಚಿಡಬೇಡ. 1099ರಲ್ಲಿ ಆ ಊರು ಹಿಡಿದ ಕ್ರೈಸ್ತ ಯೋಧರು ಒಳಗಿದ್ದ ಮುಸ್ಲಿಮರನ್ನೂ ಯಹೂದಿಗಳನ್ನೂ ಕೊಂದದ್ದನ್ನು ಎರಡು ಮಾತಿನಲ್ಲಿ ಹೇಳು, ರಕ್ತವನ್ನು ಬಣ್ಣಿಸಬೇಡ. ನಮ್ಮವರು, ಅವರವರು ಎಂದು ದನಿ ಏರಿಸಲೂ ಬೇಡ. ಓದುವವರ ದನಿಯಲ್ಲಿ ದ್ವೇಷ ಇದ್ದರೆ ಮಗು ಕಥೆಯನ್ನು ಮರೆತು ದ್ವೇಷವನ್ನಷ್ಟೇ ಇಟ್ಟುಕೊಳ್ಳುತ್ತದೆ. ನನಗೆ ಹೆಚ್ಚು ಭಯವಿರುವುದು ಇದರ ಬಗ್ಗೆಯೇ.

ಇನ್ನು ಶಾಂತಲೆಯ ವಿಷಯ. ಬೆಟ್ಟದ ಮೇಲೆ ಶಾಂತಲಾ ಡ್ರಾಪ್ ತೋರಿಸಿ, ಇಲ್ಲಿಂದಲೇ ರಾಣಿ ಹಾರಿದಳು ಅನ್ನುತ್ತಾರೆ. ನಿಮ್ಮತ್ತೆಯೂ ಅದನ್ನೇ ಹೇಳುತ್ತಾರೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಶಾಸನ ಅವಳು ಶಿವಗಂಗೆಯಲ್ಲಿ ಮುಡಿಪಿದಳು, ಅಂದರೆ ತೀರಿಕೊಂಡಳು, ಎಂದು ಹೇಳುತ್ತದೆ, ಹಾರಿದ ಮಾತು ಅದರಲ್ಲಿಲ್ಲ. ಅವಳು ಜೈನಳು, ಮಗಳು ಹೋದ ಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳದಲ್ಲಿ ಉಪವಾಸವಿದ್ದು ದೇಹ ಬಿಟ್ಟಳು. ಅತ್ತೆಯವರಿಂದ ಜನರ ಕಥೆ ಹೇಳಿಸು, ಆಮೇಲೆ ಶಾಸನ ಹೇಳುವುದನ್ನು ನೀನು ಓದು. ಅತ್ತೆಯ ಮಾತು ಸುಳ್ಳೆಂದು ಮಾತ್ರ ಅನ್ನಬೇಡ. ‘ಇದನ್ನು ಹೇಳಿದವರು ಯಾರು, ಯಾವಾಗ ಬರೆದರು’ ಎಂದು ಮಗು ಒಂದು ಸಲ ಕೇಳಿತೆಂದರೆ ಅರ್ಧ ಚರಿತ್ರೆ ಕಲಿತಂತೆ. ರಜೆಯಲ್ಲಿ ಒಮ್ಮೆ ಬೆಳಗೊಳಕ್ಕೂ ಕರೆದುಕೊಂಡು ಹೋಗು. ಶಾಂತಲೆಯೇ 1123ರಲ್ಲಿ ಕಟ್ಟಿಸಿದ ಸವತಿಗಂಧವಾರಣ ಬಸದಿ ಅಲ್ಲೇ ಇದೆ.

ಓದುವುದು ಹೇಗೆ ಎಂದರೆ, ನಮ್ಮ ಹಿರಿಯರು ಗುಡಿಯ ಜಗಲಿಯಲ್ಲಿ ಕುಮಾರವ್ಯಾಸ ಭಾರತ ಓದಿಸುತ್ತಿದ್ದ ಹಾಗೆ. ಒಬ್ಬರು ವಾಚನ ಮಾಡುತ್ತಿದ್ದರು, ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ನೀನು ಒಂದು ಪುಟ ಓದು, ದೊಡ್ಡವನು ತಂಗಿಗೆ ಅದರ ಅರ್ಥ ಹೇಳಲಿ. ತಪ್ಪಿದರೆ ಮಧ್ಯೆ ಬಾಯಿ ಹಾಕಬೇಡ. ಕಷ್ಟದ ಹೆಸರುಗಳಿದ್ದರೆ ನೀನು ಮಧ್ಯಾಹ್ನವೇ ಒಮ್ಮೆ ಓದಿಟ್ಟುಕೋ. ನಿನ್ನ ಗಂಡನಿಗೆ ದಾಬಸ್‌ಪೇಟೆಯಲ್ಲಿ ರಾತ್ರಿ ಪಾಳಿ ಇರುವ ವಾರ ಕಾಲು ಗಂಟೆ ಸಾಕು. ಓದಿ ಮುಗಿಸಿ ಪ್ರಶ್ನೆ ಕೇಳಿ ಅಂಕ ಹಾಕುವುದಂತೂ ಬೇಡವೇ ಬೇಡ.

ಕಾಲದ ದೂರ ಮಕ್ಕಳ ತಲೆಗೆ ಹತ್ತುವುದು ಕಷ್ಟ. ಅದಕ್ಕೆ ಬೆಟ್ಟದ ಮೆಟ್ಟಿಲು ಇದೆಯಲ್ಲ. ಕೆಳಗಿನ ಮೆಟ್ಟಿಲು ಈ ವರ್ಷ, ಒಂದೊಂದು ಮೆಟ್ಟಿಲಿಗೆ ಹತ್ತು ವರ್ಷ. ಎಂಟು ಹತ್ತುವಷ್ಟರಲ್ಲಿ ಸ್ವಾತಂತ್ರ್ಯ ಬರುತ್ತದೆ, ಐವತ್ತರ ಹತ್ತಿರ ಕೆಂಪೇಗೌಡರು ಬೆಂಗಳೂರು ಕಟ್ಟಿದ 1537. ತೊಂಬತ್ತರ ಹತ್ತಿರ ಶಾಂತಲೆ. ಇನ್ನೂರರ ಸುತ್ತಮುತ್ತ ರೋಮಿನ ಚಕ್ರವರ್ತಿ ಟಿಬೇರಿಯಸ್. ಅವನ ಕಾಲದ ಬೆಳ್ಳಿ ನಾಣ್ಯಗಳು 1891ರಲ್ಲಿ ಯಶವಂತಪುರದಲ್ಲೇ ಸಿಕ್ಕಿದ್ದವು ಎಂದು ಅಲ್ಲಿ ನಿಂತು ಹೇಳು. ರೋಮ್ ನಮ್ಮ ಬಸ್ಸು ಹೋಗುವ ದಾರಿಗೇ ಬಂದ ಹಾಗಾಗುತ್ತದೆ. ಈಜಿಪ್ಟಿನ ದೊಡ್ಡ ಪಿರಮಿಡ್ಡಿಗೆ ನಾನೂರೈವತ್ತು ಮೆಟ್ಟಿಲು ಬೇಕು. ಕಾಲು ನೋಯಲಿ, ಅಷ್ಟು ಹಳೆಯದು ಅದು.

ಪುಸ್ತಕಕ್ಕೆ ಪೇಟೆ ಸುತ್ತಬೇಕಿಲ್ಲ, ಗ್ರಂಥಾಲಯದಲ್ಲಿ ಮೊದಲು ಕೇಳು. ಕಾರಂತರ ‘ಬಾಲಪ್ರಪಂಚ’, ನಿರಂಜನರು ಸಂಪಾದಿಸಿದ ‘ಜ್ಞಾನಗಂಗೋತ್ರಿ’ಯ ಏಳು ಸಂಪುಟ ಹಳೆಯವಾದರೂ ಕನ್ನಡ ಚೆನ್ನಾಗಿದೆ, ಹೊಸ ಸಂಗತಿಗಳನ್ನು ಬೇರೆ ಕಡೆ ನೋಡಿ ಸೇರಿಸಿಕೋ. ನೆಹರೂ ಜೈಲಿನಿಂದ ಮಗಳಿಗೆ ಬರೆದ ಪತ್ರಗಳು ಓದಿ ಹೇಳಲು ಚೆನ್ನ, ಎದುರಿಗೆ ಕೂತವರೊಡನೆ ಮಾತಾಡಿದ ಹಾಗಿವೆ. ನಿರಂಜನರದೇ ಇಪ್ಪತ್ತೈದು ಸಂಪುಟದ ‘ವಿಶ್ವಕಥಾಕೋಶ’ದಿಂದ ಆಯಾ ದೇಶದ ಒಂದು ಕಥೆಯನ್ನೂ ಜೊತೆಗಿಟ್ಟುಕೋ. ಈಜಿಪ್ಟಿನ ದುಡಿಯುವ ಜನ ತಿರುಗಿಬಿದ್ದ ಕಥೆ ಹೇಳುವ ಅವರ ಕಾದಂಬರಿ ‘ಮೃತ್ಯುಂಜಯ’ ಈಗಲೇ ಬೇಡ, ಹೈಸ್ಕೂಲಿಗೆ ಹೋಗಲಿ. ಆಗ ಅದನ್ನು ಮಕ್ಕಳೇ ಗಟ್ಟಿಯಾಗಿ ಓದಲಿ, ನೀನು ಮುದ್ದೆ ತೊಳಸುತ್ತಾ ಕೇಳಿಸಿಕೋ.